ಹೇಳಿದ ದಿನಕ್ಕೆ ಸಿಕ್ಕ ಅಂಗಿ

"ಆಯ್ತು ಕಣೇ, ನಂಬ್ತೀನಿ. ಸಮಾಧಾನ ಆಯ್ತಾ?"

ಹಾಸಿಗೆ ಹಿಡಿದ ಗಂಡನ ಬಾಯಿಂದ ಆ ಮಾತು ಬಿದ್ದಾಗ ಅವಳು ಹಾಲಿನ ಲೋಟ ಕೆಳಗಿಟ್ಟಳು. ಎದೆಯಲ್ಲಿ ನೀರು ತುಂಬಿದೆ, ಇನ್ನು ಮನೆಗೇ ಕರಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವಳದು ದಿನವೂ ಒಂದೇ ರಾಗ: "ಒಂದು ಸಲ ಯೇಸುವನ್ನ ನಂಬ್ತೀನಿ ಅನ್ರೀ. ಅನ್ನದೇ ಹೋದ್ರೆ ಅಲ್ಲಿ ಮೇಲೆ ನೀವೊಂದು ಕಡೆ, ನಾನೊಂದು ಕಡೆ ಆಗ್ಬಿಡ್ತೀವಿ." ಇವತ್ತು ಅಂದಿದ್ದ.

ಆದರೆ ಅವಳಿಗೆ ಸಂತೋಷವಾಗಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತು. ಗಿರಾಕಿ ಅವನ ಹೊಲಿಗೆ ಅಂಗಡಿಯ ಹೊಸ್ತಿಲಲ್ಲಿ ಸಿಡಿಮಿಡಿಗೊಂಡು ನಿಂತಾಗ, ಕತ್ತರಿ ಕೆಳಗಿಡದೆ, ಮುಖವೆತ್ತಿ ನಕ್ಕು, "ನಾಳೆ ಬನ್ನಿ, ಗುಂಡಿ ಹಾಕೋದೊಂದೇ ಬಾಕಿ" ಎನ್ನುತ್ತಿದ್ದ ದನಿ ಅದು. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ. ಬೀದಿಯ ಜನ ಅವನಿಗೆ ನಾಳೆ ಟೈಲರು ಎಂದೇ ಹೆಸರಿಟ್ಟಿದ್ದರು. ಅವನ ಹತ್ತಿರ ಮದುವೆ ಕೋಟು ಹೊಲಿಯಲು ಕೊಟ್ಟರೆ ಮಗನ ಮದುವೆಗೆ ಹಾಕಿಕೊಳ್ಳಬಹುದು ಎಂದು ನಗುವವರಿದ್ದರು.

ಹೇಳಿದ ದಿನಕ್ಕೆ ಅವನ ಕೈಯಿಂದ ಬರುತ್ತಿದ್ದದ್ದು ಒಂದೇ ಒಂದು. ಕೂಸುಗಳ ತಲೆಗೆ ನೀರು ಹೊಯ್ದು ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನಕ್ಕೆ ತೊಡಿಸುವ ಬಿಳಿ ಅಂಗಿ. ಅದನ್ನು ಪುಕ್ಕಟೆ ಹೊಲಿಯುತ್ತಿದ್ದ, ಮುಂಚೆಯೇ ಕೊಡುತ್ತಿದ್ದ. ಚರ್ಚಿನ ಗೇಟು ಮಾತ್ರ ದಾಟುತ್ತಿರಲಿಲ್ಲ.

ಅವನು ಯಾಕೆ ಹಾಗೆ ಎಂಬುದು ಅವಳೊಬ್ಬಳಿಗೇ ಗೊತ್ತು. ಅವರಿಗೂ ಒಂದು ಹೆಣ್ಣು ಕೂಸು ಹುಟ್ಟಿತ್ತು. ದೀಕ್ಷಾಸ್ನಾನಕ್ಕೆ ಅಂಗಿ ನಾನೇ ಹೊಲಿಯುತ್ತೇನೆ ಎಂದವನು, ಮದುವೆ ಬಟ್ಟೆಗಳ ಗಡಿಬಿಡಿಯಲ್ಲಿ ಈ ಭಾನುವಾರ, ಬರುವ ಭಾನುವಾರ ಎಂದು ದೂಡಿದ. ಜ್ವರ ಕಾಯಲಿಲ್ಲ, ಕೂಸು ಹೋಯಿತು. ಆಗಿದ್ದ ಮುದಿ ಪಾದ್ರಿ, ದೀಕ್ಷಾಸ್ನಾನ ಆಗದ ಕೂಸು, ಗೋಡೆಯ ಒಳಗೆ ಜಾಗವಿಲ್ಲ ಎಂದುಬಿಟ್ಟರು. ಸ್ಮಶಾನದ ಗೋಡೆಯಾಚೆ ತಾನೇ ಗುಂಡಿ ತೋಡಿ ಬಂದವನು, ಅಲ್ಲಿಂದೀಚೆಗೆ ಕೂಸಿನ ಹೆಸರೂ ಎತ್ತಲಿಲ್ಲ, ದೇವರ ಹೆಸರೂ ಎತ್ತಲಿಲ್ಲ.

ಮಧ್ಯಾಹ್ನ ಅವಳು ಚರ್ಚಿಗೆ ಹೋದಳು. ಈಗಿನ ಪಾದ್ರಿ ಸಣ್ಣ ವಯಸ್ಸಿನವರು. ಅಂಗಿಯ ತೋಳು ಮಡಚಿ, ಕಾಲು ಮುರಿದ ಬೆಂಚಿಗೆ ಮೊಳೆ ಹೊಡೆಯುತ್ತಿದ್ದರು.

"ಅಯ್ಯನೋರೇ, ಸಾಯೋ ಮನುಷ್ಯನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ಟೆ. ನನ್ನ ಕಾಟ ತಡೀಲಾರದೆ ನಂಬ್ತೀನಿ ಅಂದ್ರು. ಅದು ದೇವರ ಲೆಕ್ಕಕ್ಕೆ ಬರುತ್ತಾ?"

ಪಾದ್ರಿ ಸುತ್ತಿಗೆ ಕೆಳಗಿಟ್ಟರು. "ನಿಮಗೆ ನಂಬಿಕೆ ಹೇಗೆ ಬಂತಮ್ಮ?"

ಅವಳು ಯೋಚಿಸಿದಳು. "ಕೂಸು ಹೋದ ಮೇಲೆ ತಲೆ ಬಾಚೋದೂ ಬಿಟ್ಟಿದ್ದೆ. ಒಂದಿನ ಬಿಸಿಲು ತಡೀಲಾರದೆ ಇಲ್ಲಿ ಹಿಂದಿನ ಬೆಂಚಲ್ಲಿ ಕೂತೆ. ಪ್ರಾರ್ಥನೆ ಗೀರ್ಥನೆ ಏನೂ ಮಾಡ್ಲಿಲ್ಲ. ಎದ್ದು ಹೋಗುವಾಗ ಯಾರೋ ಜೊತೇಲಿದಾರೆ ಅನ್ನಿಸ್ತು. ಅಷ್ಟೇ."

"ಆ ನಂಬಿಕೆ ಕೊಟ್ಟವನು ನಿಮ್ಮನ್ನ ಏನು ಕೇಳಿದ?"

"ಏನೂ ಕೇಳ್ಲಿಲ್ಲ."

"ಮತ್ತೆ ನೀವ್ಯಾಕಮ್ಮ ನಿಮ್ಮ ಯಜಮಾನ್ರನ್ನ ಕೇಳ್ತೀರ?"

ಅವಳಿಗೆ ಸಿಟ್ಟು ಬಂತು. "ಹಾಗಾದ್ರೆ ಅವರಿಗೂ ಕೊಡಬೇಕಿತ್ತು! ಅವರೇನು ಪಾಪ ಮಾಡಿದ್ರು?"

ಪಾದ್ರಿ ಕೈಯ ಧೂಳು ಒರೆಸಿಕೊಂಡರು. "ಅದು ನನಗೂ ಗೊತ್ತಿಲ್ಲಮ್ಮ. ಆದ್ರೆ ನಂಬಿಕೆ ಬಾಗಿಲಲ್ಲಿ ತೋರಿಸೋ ಟಿಕೆಟ್ಟಲ್ಲ, ಉಡುಗೊರೆ. ಬದುಕು ಎಳೆಯೋಕೆ ಅಂತ ನಿಮಗೆ ಸಿಕ್ಕಿದೆ. ಅವರನ್ನ ಉಳಿಸಿಕೊಳ್ಳೋದು ದೇವರ ಕೆಲಸ. ಅವನ ಕೈಯಿಂದ ಅದನ್ನ ಕಿತ್ಕೋಬೇಡಿ."

ಮನೆಗೆ ಬಂದಾಗ ಗಂಡ ದಿಂಬಿಗೆ ಒರಗಿ ಕೂತಿದ್ದ. ತೊಡೆಯ ಮೇಲೆ ಅಂಗೈಯಗಲದ ಬಿಳಿ ಅಂಗಿ. ಅಂಚನ್ನು ಮಡಿಸಿ ನೀಲಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತಿದ್ದ. ಪಕ್ಕಾ ಹೊಲಿದ ಮೇಲೆ ಎಳೆದು ತೆಗೆಯುವ ದಾರ ಅದು.

"ಬೇಕರಿಯವನ ಮೊಮ್ಮಗಳಿಗೆ," ಎಂದ. "ಭಾನುವಾರಕ್ಕೆ."

ಅವಳು ಮಂಚದ ತುದಿಯಲ್ಲಿ ಕೂತಳು. "ಬೆಳಿಗ್ಗೆ ಅಂದ್ರಲ್ಲ, ಆ ಮಾತು ವಾಪಸ್ ತಗೊಳ್ಳಿ."

"ಯಾಕೆ? ಅಳತೆ ಸರಿಹೋಗ್ಲಿಲ್ವಾ?"

"ಅದು ಗಿರಾಕಿಗೆ ಹೇಳೋ ಮಾತು. ನನಗೆ ಬೇಡ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಅಂಗಿಗೆ ಇನ್ನೂ ಕೂಡಿಸದ ಪುಟ್ಟ ತೋಳಿನೊಳಗೆ ಎರಡು ಬೆರಳು ತೂರಿಸಿ ನೋಡುತ್ತಾ ಕೇಳಿದ: "ನಾನು ಒಂದು ಮಾತು ಅಂದ್ರೆ ನಿನ್ನ ದೇವರು ಒಳಗೆ ಬಿಡ್ತಾನೆ ಅಂತೀಯ. ಮಾತೇ ಬರದ ನಮ್ಮ ಕೂಸನ್ನ ಏನು ಮಾಡಿದ?"

ಇಷ್ಟು ಕಾಲ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಬೇರೆಯವರ ಕೂಸುಗಳಿಗೆ ಹೊಲಿದಿದ್ದ. ಅವಳು ಅವನ ತಲೆಯನ್ನು ಎದೆಗೊರಗಿಸಿಕೊಂಡಳು.

"ಅವಳು ಒಳಗೇ ಇದಾಳೆ ರೀ. ನಿಮಗೂ ಬಾಗಿಲು ಹಾಕಿಲ್ಲ. ಏನೂ ಅನ್ನಬೇಕಾಗಿಲ್ಲ."

"ನಿಜವಾಗ್ಲೂ?"

"ನಾನೇನು ಟೈಲರಾ, ಸುಳ್ಳು ಹೇಳೋಕೆ?"

ಅವನ ಮೈ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ. ಅವಳ ಸೆರಗು ಒದ್ದೆಯಾಗಿತ್ತು. ನಂಬುತ್ತೇನೆ ಎಂದು ಅವನು ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೂಜಿಯನ್ನು ಅವಳ ಕೈಗೆ ಕೊಟ್ಟ. "ದಾರ ಪೋಣಿಸಿಕೊಡು. ಕಣ್ಣು ಕಾಣಿಸ್ತಿಲ್ಲ."

ಗುರುವಾರ ಬೆಳಿಗ್ಗೆ ಅವನು ಹೋದ. ಗೋಡೆಯಾಚೆ, ಕೂಸಿನ ಪಕ್ಕದಲ್ಲೇ ಇಡಬೇಕು ಎಂದು ಅವಳು ಹೇಳಿದಾಗ ಪಾದ್ರಿ ಎದುರಾಡಲಿಲ್ಲ. ಮುಳ್ಳುಗಿಡ ಸರಿಸಿಕೊಂಡು ಅಲ್ಲಿಗೇ ಬಂದು ಮಣ್ಣಿನ ಮೇಲೆ ಮಂಡಿಯೂರಿದರು.

ಮಾರನೆಯ ದಿನ ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತು ಅಂಗಿಯ ತೋಳು ಕೂಡಿಸಿದಳು, ಅಂಚು ಹೊಲಿದಳು. ಗುಂಡಿ ಹಾಕಿದಳು. ಶನಿವಾರವೇ ಬೇಕರಿಯವನ ಮನೆಗೆ ಕೊಟ್ಟು ಬಂದಳು.

ಭಾನುವಾರ ಚರ್ಚಿನಲ್ಲಿ ಕೂಸಿಗೆ ಒಳ್ಳೆಯ ನಿದ್ದೆ. ಪಾದ್ರಿ ತಲೆಯ ಮೇಲೆ ನೀರು ಹೊಯ್ದರೂ ಏಳಲಿಲ್ಲ. ತುಟಿ ಚಪ್ಪರಿಸಿ ಸುಮ್ಮನಾಯಿತು. ಜನ ನಕ್ಕರು. ಬೇಕರಿಯವನ ಹೆಂಡತಿ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು. "ಅಕ್ಕ, ಈ ಸಲವೂ ನಾಳೆ ಅನ್ಲಿಲ್ಲ ನೋಡಿ ನಿಮ್ಮ ಯಜಮಾನ್ರು," ಎಂದವಳು ಕಣ್ಣೊರೆಸಿಕೊಂಡಳು.

ಆಗ ಅವಳಿಗೆ ಕಂಡಿತು. ಅಂಗಿಯ ಅಂಚಿನಲ್ಲಿ ಅವನ ಕೈಯ ಸೊಟ್ಟ ಸೊಟ್ಟ ನೀಲಿ ಕಚ್ಚಾ ಹೊಲಿಗೆ ಹಾಗೇ ಉಳಿದಿತ್ತು. ತೆಗೆಯಲು ಮರೆತಿದ್ದಳು. ಎಳೆದರೆ ಒಂದೇ ಎಳೆತಕ್ಕೆ ಬರುವ ದಾರ. ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು.

ಕೂಸು ನಿದ್ದೆಯಲ್ಲೇ ಕಾಲು ಚಾಚಿತು. ಅವಳು ದಾರ ಬಿಟ್ಟು, ಒದ್ದೆಯಾಗಿದ್ದ ಅದರ ಹಣೆಯನ್ನು ಸೆರಗಿನಿಂದ ಒರೆಸಿದಳು.