ಎಲ್ಮರ್ ಅಜ್ಜನ ಸೌತೆಚೆಂಡು

ಎಲ್ಮರ್ ಅಜ್ಜನಿಗೆ ಎಂಬತ್ತು ದಾಟಿತ್ತು. ಆದರೂ ಅಬುಧಾಬಿಯ ಖಲೀಫಾ ಸಿಟಿಯ ಮಗಳ ವಿಲ್ಲಾದಲ್ಲಿ ಅವನು ಅಡುಗೆಮನೆಗೆ ಬಂದು ನಿಂತರೆ ಬಾಗಿಲು ತುಂಬಿಹೋಗುತ್ತಿತ್ತು.

"ಅಜ್ಜ, ಸ್ವಲ್ಪ ಆಚೆ ನಿಲ್ಲಿ. ನನಗೆ ಬೆಳಕು ಬೇಡವಾ?" ಎನ್ನುತ್ತಿದ್ದ ಅಡುಗೆಯ ಜುವಾಕಿಂ, ನಮ್ಮ ಕರಾವಳಿಯವನು. 'ಅಜ್ಜ' ಎಂಬುದೊಂದೇ ಅಮೆರಿಕದವನಾದ ಎಲ್ಮರ್‌ಗೆ ತಿಳಿದಿದ್ದ ಕನ್ನಡ. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ. ಹಡಗಿನಲ್ಲಿ ಅಡುಗೆ ಮಾಡಿ ಬಂದ ಜುವಾಕಿಂಗೆ ಅದು ಸಲೀಸು.

ಹೆಂಡತಿ ತೀರಿಕೊಂಡ ಮೇಲೆ ಅಜ್ಜ ಮಗಳ ಜೊತೆ ಅಬುಧಾಬಿಗೆ ಬಂದಿದ್ದ. ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಭಾನುವಾರ ಬಂತೆಂದರೆ ಊರಿನ ತಂಡಕ್ಕೆ ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಅವುಚಿಕೊಂಡು ನುಗ್ಗಿ ಎದುರಿನವರ ಗೆರೆ ದಾಟುವ ಆಟ. ತಲೆಗೆ ಬರೀ ತೊಗಲಿನ ಟೊಪ್ಪಿ, ಮೈಗೆ ಉಣ್ಣೆಯ ಅಂಗಿ. ಮೂಗು ಮುರಿದದ್ದಕ್ಕೂ ಹಲ್ಲು ಉದುರಿದ್ದಕ್ಕೂ ಲೆಕ್ಕವಿಲ್ಲ. ಆಮೇಲೆ ದೊಡ್ಡ ತಂಡದವರು ಕರೆದರು, ರೈಲು ಹತ್ತಿ ಊರೂರು ಸುತ್ತಿದ. ಮಂಡಿ ಕೈಕೊಡುವವರೆಗೂ ಆಡಿದ.

"ಅಷ್ಟು ವರ್ಷ ಆಡಿದ್ರಲ್ಲ, ಎಷ್ಟು ಸಲ ಚೆಂಡು ಹಿಡಿದುಕೊಂಡು ಗೆರೆ ದಾಟಿದ್ರಿ?" ಎಂದು ಜುವಾಕಿಂ ಒಂದು ದಿನ ಕೇಳಿದ.

"ಒಂದು ಸಲವೂ ಇಲ್ಲ. ನಾನು ಮುಂದಿನ ಸಾಲಿನವನು. ಎದುರಿನವರನ್ನು ನೂಕಿ ದಾರಿ ಮಾಡುವುದು ನನ್ನ ಕೆಲಸ. ಓಡುವವನು ಬೇರೆ," ಎಂದ ಅಜ್ಜ. ಮಂಡಿ ನೀವಿಕೊಳ್ಳುತ್ತ, "ಒಂದೇ ಒಂದು ಸಲ ದಾಟಬೇಕಿತ್ತು ನೋಡು," ಎಂದ.

ಆ ಮಾತು ಜುವಾಕಿಂನ ಮನಸ್ಸಿನಲ್ಲಿ ಉಳಿಯಿತು.

ಶುಕ್ರವಾರ ರಜೆ. ಒಂದೂವರೆ ಗಂಟೆ ದಾರಿಯ ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಹಿಂದಿನ ಮರಳಿನಲ್ಲಿ ನಮ್ಮ ಕರಾವಳಿಯವರ ಕಬಡ್ಡಿ. ಭಟ್ಕಳದ ಸಾಲಿಮ್, ಬಿಡಿಭಾಗದ ಅಂಗಡಿಯವನು, ಅಲ್ಲಿಯ ರೆಫ್ರಿ. ಜುವಾಕಿಂ ಅಜ್ಜನನ್ನು ಕರೆದುಕೊಂಡು ಹೋದ. ಮೇಡಂ, ಅಂದರೆ ಅಜ್ಜನ ಮಗಳು, ಅಪ್ಪನನ್ನು ಅಷ್ಟು ದೂರ ಕಳಿಸಿ ಕೂರಲಾರದೆ ತಾನೇ ಕಾರು ಓಡಿಸಿದಳು.

ಕೈಕೈ ಹಿಡಿದ ಸರಪಳಿ ಒಬ್ಬನನ್ನು ಸುತ್ತಿ ಕೆಡವಿದ್ದು ಕಂಡು ಅಜ್ಜ ಕುರ್ಚಿಯಿಂದ ಎದ್ದುಬಿಟ್ಟ. "ಇವರೆಲ್ಲ ನನ್ನ ಸಾಲಿನವರು!" ಎಂದ.

ಜುವಾಕಿಂ ಕಾರಿನಿಂದ ಅಜ್ಜನ ಚೆಂಡು ತಂದ. ಎರಡೂ ತುದಿ ಚೂಪಾಗಿ, ಥೇಟ್ ಮಂಗಳೂರು ಸೌತೆಯ ಹಾಗಿತ್ತು.

"ಎಂತ ಪರ್ಬುಗಳೇ, ಸಾಂಬಾರು ಮಾಡ್ಲಿಕ್ಕೆ ತಂದದ್ದಾ?" ಎಂದ ಚನಿಯ, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ. ಗ್ಯಾರೇಜಿನಲ್ಲಿ ಕಾರಿನ ತಗಡು ಬಡಿಯುವವನು, ಆಟದಲ್ಲಿ ಅವನ ಕೈ ತಪ್ಪಿಸಿಕೊಂಡವರು ಕಡಿಮೆ.

ಜುವಾಕಿಂ ಅಜ್ಜನ ಆಸೆ ಹೇಳಿದ. ಸಾಲಿಮ್ ನಿಯಮ ಕಟ್ಟಿದ. ಅಜ್ಜನ ಮುಂದೆ ನಾಲ್ವರ ಗೋಡೆ, ಎದುರಿಗೆ ಚನಿಯನ ತಂಡ, ಅದರಾಚೆ ದಾಟಬೇಕಾದ ಸುಣ್ಣದ ಗೆರೆ. ಕೆಡವುವಂತಿಲ್ಲ, ಅಜ್ಜನಿಗೆ ಕೈ ತಾಗಿದರೆ ಔಟ್.

"ಯಲ್ಲಾ, ಹೊರಡಿ!" ಎಂದು ಸಾಲಿಮ್ ಕೂಗಿದ.

ಅಜ್ಜ ಚೆಂಡು ಅವುಚಿಕೊಂಡು ಹೊರಟ. ಚನಿಯನ ಕಡೆಯವರು ಒಬ್ಬರ ಮೇಲೊಬ್ಬರು ತಾವಾಗಿಯೇ ಜಾರಿಬಿದ್ದರು. ಅಜ್ಜ ಗೆರೆಯ ಮುಂದೆ ಗಕ್ಕನೆ ನಿಂತು ಚೆಂಡನ್ನು ಮರಳಿಗೆ ಎಸೆದ. ಮುಖ ಕೆಂಪಾಗಿತ್ತು.

"ಜನ್ಮದಲ್ಲಿ ಯಾರಿಗೂ ನಾನು ಪುಕ್ಕಟೆ ದಾರಿ ಬಿಟ್ಟಿಲ್ಲ. ನನಗೂ ಬೇಡ ಅಂತ ಹೇಳು!"

ಜುವಾಕಿಂ ಹೇಳಿದ. ಚನಿಯ ನಾಚಿ ತಲೆ ಕೆರೆದುಕೊಂಡ. "ತಪ್ಪಾಯ್ತು ಅಜ್ಜೆರೆ. ಇನ್ನು ನೋಡಿ."

ಎರಡನೆಯ ಸಲ ನಿಜವಾಗಿಯೇ ಆಡಿದರು. ಚನಿಯನ ಅಂಗೈ ಬೆನ್ನಿಗೆ ಫಟ್ ಎಂದು ಬಿತ್ತು. ಅಜ್ಜ ಔಟ್. ಮುದುಕನ ನಗು ನೋಡಬೇಕಿತ್ತು!

"ಇನ್ನೊಂದೇ ಸಲ, ಡ್ಯಾಡಿ. ಆಮೇಲೆ ಮನೆಗೆ," ಎಂದಳು ಮೇಡಂ.

ಜುವಾಕಿಂಗೆ ತಡೆಯಲಾಗಲಿಲ್ಲ. ಐವತ್ತು ದಾಟಿದ ಹೊಟ್ಟೆ, ಆದರೇನು, ಚಪ್ಪಲಿ ಬಿಟ್ಟು ಪ್ಯಾಂಟು ಮಡಚಿ ಗೋಡೆಯ ತುದಿಗೆ ಸೇರಿಕೊಂಡ. "ಕೈ ಬಿಟ್ಟು ನೂಕಿ," ಎಂದು ಅಜ್ಜ ಕಲಿಸಿದ. ಆದರೆ ಕಬಡ್ಡಿಯವರ ಕೈ ಬಿಡುತ್ತದೆಯೇ? ಚನಿಯ ನುಗ್ಗಿದ್ದೇ ತಡ, ಅಭ್ಯಾಸಬಲದಿಂದ ಸರಪಳಿ ಗರಗರ ಸುತ್ತಿ ಅವನನ್ನೂ ಮತ್ತಿಬ್ಬರನ್ನೂ ಒಳಗೆ ಹಾಕಿಕೊಂಡಿತು. ಪಕ್ಕದಲ್ಲಿ ದಾರಿ ತೆರೆಯಿತು.

"ಓಡಿ ಅಜ್ಜ!"

ಅಜ್ಜ ಓಡಿದ. ಓಟವೆಂದರೆ ತುಂಬಿದ ಲಾರಿ ಏರು ಹತ್ತಿದ ಹಾಗೆ. ಚನಿಯ ಸರಪಳಿಯ ಅಡಿಯಿಂದ ನುಸುಳಿ ಹಾರಿದ. ಬೆರಳು ಅಂಗಿಯ ಹತ್ತಿರ ಬಂತು, ತಾಗಲಿಲ್ಲ. ಚನಿಯ ಬಾಯ್ತುಂಬ ಮರಳು ತಿಂದ. ಅಜ್ಜನ ಎರಡೂ ಕಾಲು ಸುಣ್ಣದ ಗೆರೆಯಾಚೆ!

ಮೇಡಂ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಅಜ್ಜ ಚೆಂಡನ್ನು ಎದೆಗೊತ್ತಿಕೊಂಡು ಅತ್ತನೋ ನಕ್ಕನೋ ತಿಳಿಯಲಿಲ್ಲ. ಅಷ್ಟರಲ್ಲಿ ಎಲ್ಲರೂ ಕೂಗತೊಡಗಿದರು: "ವಾಪಸ್ ಬನ್ನಿ! ವಾಪಸ್!"

"ಏನಂತೆ?" ಎಂದ ಅಜ್ಜ.

"ನಮ್ಮ ಆಟದಲ್ಲಿ ಆಚೆ ಹೋದರೆ ಸಾಲದು ಅಜ್ಜ. ನಮ್ಮ ಕಡೆಗೆ ತಿರುಗಿ ಬಂದರೇ ಪಾಯಿಂಟು," ಎಂದ ಜುವಾಕಿಂ ಏದುಸಿರು ಬಿಡುತ್ತ.

"ನನ್ನ ಆಟದಲ್ಲಿ ಮುಗಿಯಿತು!"

"ಮರಳು ನಮ್ಮದಲ್ಲವಾ?"

ಅಜ್ಜ ಒಂದು ಗಳಿಗೆ ಚೆಂಡನ್ನು ನೋಡಿದ. ಆಮೇಲೆ ಅದನ್ನು ಜುವಾಕಿಂನ ಕಂಕುಳಿಗೆ ತುರುಕಿದ. ಮಂಡಿ ಬಗ್ಗಿಸಿ, ಹೆಗಲು ತಗ್ಗಿಸಿ, ಅವನ ಮುಂದೆ ಬಂದು ನಿಂತ.

"ಈಗ ನೀನು ಓಡು," ಎಂದ. "ದಾರಿ ನಾನು ಮಾಡುತ್ತೇನೆ."

"ಖಲಾಸ್, ನನ್ನ ನಿಯಮವೆಲ್ಲ ಮುಗಿಯಿತು," ಎಂದು ನಗುತ್ತ ಸಾಲಿಮ್ ಓಟಕ್ಕೆ ಸೀಟಿ ಊದಿದ.