ಎರಡನೆಯ ಗುಂಪಿನ ಹೆಂಗಸು

ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿದೆ, ಅಲಗಿನಿಂದ ಬಿಟ್ಟ ಕೂಡಲೇ ಈ ಎಸಳು ಹಾಗೇ, ಕೂಸಿನ ಬೆರಳಿನಂತೆ ಒಳಕ್ಕೆ ಮಡಚಿಕೊಳ್ಳುತ್ತದೆ, ಕುಂಚದ ತುದಿಯಿಂದ ಮೆಲ್ಲಗೆ ಬಿಡಿಸಬೇಕು, ಉಸಿರು ಬಿಗಿಹಿಡಿದು, ತುಂಡು ಕುಯ್ಯುವ ಚಳಿಪೆಟ್ಟಿಗೆಯೊಳಗೆ ಕೈಗಳಷ್ಟೇ, ಮುಖ ಹೊರಗೆ — ಕೂದಲೆಳೆಯನ್ನು ಏಳು ಸೀಳು ಮಾಡಿದರೆ ಎಷ್ಟು ತೆಳುವೋ ಅಷ್ಟು ತೆಳುವಾದ ಮಿದುಳು, ಗಾಜಿನ ಪಟ್ಟಿಯನ್ನು ಹತ್ತಿರ ತಂದರೆ ಸಾಕು, ತಾನಾಗಿಯೇ ಹಾರಿ ಅಂಟುತ್ತದೆ, ಬಿಸಿ ಎಲ್ಲಿದೆಯೋ ಅಲ್ಲಿಗೆ, ಹತ್ತೊಂಬತ್ತು ವರ್ಷದಿಂದ ಈ ಲ್ಯಾಬಿನಲ್ಲಿ ನೋಡುತ್ತಿದ್ದಾಳೆ ಅವಳು, ಸತ್ತದ್ದಕ್ಕೂ ಬಿಸಿ ಬೇಕು. ಡಬ್ಬಿಯ ಮೇಲೆ ಹೆಸರಿಲ್ಲ, ಇರಕೂಡದು, ಒಂದು ಸಂಖ್ಯೆ, ಅದರ ಕೆಳಗೆ ಐದು ಸಾಲು, ಹೆಂಗಸು, ಅರವತ್ತೊಂದು, ತಲೆಯ ಹಿಂಭಾಗ ಅಂದರೆ ನೋಟದ ಜಾಗ, ಎರಡನೆಯ ಗುಂಪು, ಪ್ರಾಣ ಹೋದಮೇಲೆ ಹೆಪ್ಪುಗಟ್ಟಿಸುವವರೆಗೆ ಮೂರು ಗಂಟೆ ಹತ್ತು ನಿಮಿಷ. ಮೂರು ಹತ್ತು. ಅರವತ್ತೊಂದರ ಹೆಂಗಸರಿಗೇನು ಲೋಕದಲ್ಲಿ ಬರವೇ, ಅವಳು ಕುಂಚ ಒರೆಸಿದಳು, ಆದರೆ ಎರಡು ವರ್ಷದ ಹಿಂದೆ ಆಂಬುಲೆನ್ಸಿನಲ್ಲಿ ಗಡಿಯಾರ ನೋಡುತ್ತ ಕೂತಿದ್ದವಳು ಅವಳೇ ಅಲ್ಲವೇ, ಸೇತುವೆಯ ಮೇಲೆ ಗಾಡಿಗಳ ಸಾಲು, ಬೇಗಪ್ಪಾ, ಜೀವ ಹೋಗಿ ಮೂರು ಗಂಟೆ ದಾಟಬಾರದು ಅಂದವಳು ಅವಳು, ಇನ್ನೇನ್ ಅವಸರ ಅಮ್ಮ, ಹೋದೋರು ಹೋದ್ರಲ್ಲ ಅಂದ ಡ್ರೈವರು, ಹಿಂದೆ ಬಿಳಿ ಬಟ್ಟೆಯ ಕೆಳಗೆ ಅಕ್ಕ. ದಾಟಿತ್ತು. ಹತ್ತೇ ನಿಮಿಷ.

ಎದ್ದು ಹೋಗಿ ಹೇಳಬೇಕು, ಇದು ನಮ್ಮಕ್ಕಂದು, ಸಂಬಂಧಿಕರ ತುಂಡನ್ನು ಮುಟ್ಟುವಂತಿಲ್ಲ, ನಿಯಮ ಗೋಡೆಯ ಮೇಲೇ ಇದೆ, ಹೇಳಿದರೆ ಹೊಸದಾಗಿ ಸೇರಿದ ಹುಡುಗಿಯ ಕೈಗೆ ಹೋಗುತ್ತದೆ, ಆ ಹುಡುಗಿಯೋ ಹತ್ತರಲ್ಲಿ ಆರು ಎಸಳು ಹರಿಯುತ್ತಾಳೆ, ಅಕ್ಕ ನಲವತ್ತು ವರ್ಷ ಊರವರ ರವಿಕೆ ಹೊಲಿದವಳು, ಕತ್ತರಿ ಅಡ್ಡಾದಿಡ್ಡಿ ಹೋದರೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಬುದ್ಧಿ ನೆಟ್ಟಗಿದ್ದಾಗಲೇ ಮಿದುಳುದಾನದ ಕಾಗದಕ್ಕೆ ಸಹಿ ಹಾಕಿ ನಕ್ಕಿದ್ದಳು, ತಲೆ ತಾನೇ, ತೊಗೊಳ್ಲಿ ಬಿಡೇ, ಇದ್ದಾಗಂತೂ ಯಾರಿಗೂ ಬೇಕಾಗ್ಲಿಲ್ಲ, ಕತ್ತರಿ ಹಾಕೋಳು ನೀನೇ ಆದ್ರೆ, ನೇರವಾಗಿ ಹಾಕು ಮತ್ತೆ. ನೇರವಾಗಿ ಹಾಕುತ್ತಿದ್ದಾಳೆ. ಎರಡನೆಯ ಗುಂಪು, ಮುಚ್ಚಳದ ಮೇಲೆ ಬರೆದಿದೆ, ಎರಡು, ಒಂದಲ್ಲ. ಮೂರು ಗುಂಪು ಅಂದರೆ ಮಿದುಳು ಸವೆಸುವ ಮೂರು ಕಾಯಿಲೆ, ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ ಮೂರು ಮಕ್ಕಳಿದ್ದ ಹಾಗೆ, ಮೂಗು ಒಂದೇ, ಬುದ್ಧಿ ಬೇರೆ ಅನ್ನುತ್ತಾರೆ ಚುಕ್ಕಿ ಮೇಷ್ಟ್ರು, ಪರದೆಯ ಮೇಲಿನ ಚುಕ್ಕಿ ಎಣಿಸುವುದೇ ಅವರ ಕೆಲಸ, ಮೊದಲನೆಯದು ನೆನಪು ತಿನ್ನುತ್ತದೆ, ಎರಡನೆಯದು ಇಲ್ಲದ್ದನ್ನು ತೋರಿಸುತ್ತದೆ, ಮೂರನೆಯದು ಆಸಾಮಿಯನ್ನೇ ಬದಲಾಯಿಸುತ್ತದೆ. ಬದುಕಿದ್ದಾಗ ಅಕ್ಕನದು ಮೊದಲನೆಯದು ಅಂದಿದ್ದರು ಡಾಕ್ಟರು, ಮಿದುಳು ಸೀಳಿ ನೋಡಿದಮೇಲಷ್ಟೇ ಎರಡು. ಹಾಗಿದ್ದರೆ ಅಕ್ಕನಿಗೆ ಮಾತ್ರ ಕಾಣುತ್ತಿದ್ದ ಆ ಪುಟ್ಟ ಹುಡುಗಿ, ಮಂಚದ ಕಾಲ ಬಳಿ, ನೆನೆದ ಫ್ರಾಕು, ಆರೇಳು ವರ್ಷದವಳು, ಅವಳಿಗೊಂದು ಟವಲ್ ಕೊಡೇ, ಪಾಪ ನಡುಗ್ತಿದಾಳೆ, ಯಾರೂ ಇಲ್ಲ ಅಕ್ಕ, ಅಲ್ಲೇ ನಿಂತಿದಾಳಲ್ಲೇ, ನಿನ್ನ ಹಿಂದೇನೇ, ತಂಗಿ ತಿರುಗಿ ನೋಡುತ್ತಿರಲಿಲ್ಲ, ಹಟಕ್ಕೆ ನೋಡುತ್ತಿರಲಿಲ್ಲ, ಡಾಕ್ಟರು ಹುಡುಗಿಯನ್ನು ಓಡಿಸಲು ಮಾತ್ರೆ ಬರೆದರು, ತಂಗಿಯೇ ಅರೆದಳು, ಹಾಲಿಗೆ ಬೆರೆಸಿದಳು, ಕುಡಿ ಅಕ್ಕ, ಕಹಿ ಕಣೇ, ಕುಡಿ, ನಾಲ್ಕೇ ದಿನಕ್ಕೆ ಅಕ್ಕ ಕೊರಡಾದಳು, ಕತ್ತರಿ ಹಿಡಿಯುತ್ತಿದ್ದ ಬೆರಳುಗಳು ಮಡಚಿಕೊಂಡವು, ಬಿಡಿಸಲಾಗಲಿಲ್ಲ. ಎರಡನೆಯ ಗುಂಪಿನವರಿಗೆ ಆ ಮಾತ್ರೆ ಆಗಿಬರುವುದಿಲ್ಲ, ಇದು ಇಲ್ಲಿ ನೆಲ ಒರೆಸುವವನಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವೇ. ಗೊತ್ತಿತ್ತು, ಅಕ್ಕ ಆ ಗುಂಪಿನವಳು ಅಂತ ಗೊತ್ತಿರಲಿಲ್ಲ — ಇಲ್ಲದ ಹುಡುಗಿಗೆ ಟವಲ್ ಕೇಳುವವಳು ಮತ್ಯಾವ ಗುಂಪಿನವಳು ಅಂದುಕೊಂಡಿದ್ದೆ, ಹೇಳು, ಹೇಳು ನೋಡೋಣ. ಇಪ್ಪತ್ತನಾಲ್ಕು ಎಸಳು. ಒಂದೂ ಹರಿಯಲಿಲ್ಲ.

ಮೂರು ವಾರ ಬಾಯಿ ಬಿಡದೆ ಕಳೆದಳು, ಇವತ್ತು ಕಾಫಿ ಲೋಟ ಹಿಡಿದು ಚುಕ್ಕಿ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಾಗ ಅವರೇ ಕರೆದರು, ಬನ್ನಿ ಮೇಡಂ, ನಿಮ್ಮ ಕೈ ಕೆಲಸ ನೋಡಿ, ಇಷ್ಟು ನೀಟಾದ ತುಂಡು ಈ ವರ್ಷ ಬಂದಿಲ್ಲ, ಪರದೆಯ ತುಂಬ ಕಪ್ಪು, ಕಪ್ಪಿನಲ್ಲಿ ಚುಕ್ಕಿಗಳು, ಜೀನು ಎಲ್ಲ ಜೀವಕೋಶದಲ್ಲೂ ಅದೇ, ಪುಸ್ತಕ ಒಂದೇ, ಯಾವ ಪುಟವನ್ನು ಯಾವ ಕೋಶ ಜೋರಾಗಿ ಓದುತ್ತಿತ್ತು ಅನ್ನುವುದು ಚುಕ್ಕಿ, ಸಾಯುವ ಹೊತ್ತಿಗೆ ಬಾಯಲ್ಲಿದ್ದ ಮಾತು, ಬೇಗ ಹೆಪ್ಪುಗಟ್ಟಿಸಿದರೆ ಉಳಿಯುತ್ತದೆ. ಕೋಶ ಕೋಶದ ನಡುವೆ ಮಾತಾಡಿಸೋ ಜೀನುಗಳಿವು, ಮೂರೂ ಗುಂಪಲ್ಲಿ ಮಂಕಾಗಿವೆ, ಸರಿ, ಅದು ನಿರೀಕ್ಷಿಸಿದ್ದೇ, ಆದ್ರೆ ಇಲ್ಲಿ ನೋಡಿ ಅಂದರು, ಬೆರಳು ಇಟ್ಟ ಕಡೆ ಒಂದು ಪಟ್ಟಿ ಉರಿಯುತ್ತಿತ್ತು, ಸುತ್ತ ಎಲ್ಲ ನಂದಿಹೋದ ಕಡೆ ಅದೊಂದು, ಯಾರದೋ ಏನೋ, ಪುಣ್ಯಾತ್ಗಿತ್ತಿ, ನೋಟದ ಜಾಗ ಅಲ್ವೇ, ಕೊನೇ ತನಕ ಕಣ್ಣು ಕೀಲಿಸಿಕೊಂಡು ಏನೋ ನೋಡ್ತಿದ್ರೇನೋ. ನಮ್ಮಕ್ಕ, ಅಂದಳು ಅವಳು. ಏನು? ಅದು ನಮ್ಮಕ್ಕಂದು ಮೇಷ್ಟ್ರೇ, ಡಬ್ಬಿ ನೋಡಿದಾಗಲೇ ಗೊತ್ತಾಯ್ತು, ಆದ್ರೂ ಕುಯ್ದೆ. ಅವರು ಮೌಸಿನಿಂದ ಕೈ ತೆಗೆದರು, ಬಿಸಿಯೇನೋ ತಾಗಿದ ಹಾಗೆ, ಮೇಲಿನವರಿಗೆ ಬರೆದು ತಿಳಿಸಬೇಕಾಗುತ್ತೆ ಮೇಡಂ, ಈ ತುಂಡನ್ನ ಕೈಬಿಡಬಹುದು, ನಿಮ್ಮನ್ನೂ ವಿಚಾರಿಸಬಹುದು ಅಂದರು, ಬರೀರಿ ಅಂದಳು, ನಾನು ಆಗ ಅಂದದ್ದು ತಮಾಷೆಗೆ ಮೇಡಂ, ಒಂದು ತುಂಡು ನೋಡಿ ಏನೂ ಹೇಳೋಕಾಗಲ್ಲ, ಪರದೆ ಆರಿಸಿಬಿಡ್ಲಾ, ಬೇಡ, ಇರಲಿ, ಅವರು ಕುರ್ಚಿ ಬಿಟ್ಟುಕೊಟ್ಟು ಹೊರಗೆ ಹೋದರು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಏನೂ ಹೇಳೋಕಾಗಲ್ಲ, ಸರಿ, ಒಂದೇ ತುಂಡು, ಆದರೆ ಆ ತುಂಡು ಉರಿಯುತ್ತಿದ್ದಾಗ ಕೋಣೆಯಲ್ಲಿದ್ದವಳು ಅವಳು, ಮಧ್ಯಾಹ್ನ ಮೂರು ಗಂಟೆ, ಕಿಟಕಿಯ ಬಿಸಿಲು ಹಾಸಿಗೆಯ ಅರ್ಧಕ್ಕೆ, ಹನ್ನೊಂದು ದಿನದಿಂದ ಮಗ್ಗುಲು ಬದಲಿಸಲು ಇಬ್ಬರು ಬೇಕಿದ್ದ ಅಕ್ಕ, ಕೊರಡು, ಮಾತು ನಿಂತು ವಾರವಾಗಿದ್ದ ಅಕ್ಕ ಜರುಗುತ್ತಿದ್ದಾಳೆ, ಯಾರೂ ಮುಟ್ಟದೆ, ಮೊಣಕೈ ಊರಿ ಗೋಡೆಯ ಕಡೆಗೆ, ಸ್ವಲ್ಪ, ಇನ್ನೂ ಸ್ವಲ್ಪ, ಹಾಸಿಗೆ ಚರಚರ ಅನ್ನುತ್ತದೆ, ಕೂರೋಕೆ ಜಾಗ ಕೊಡ್ತಿದಾಳೆ ಅಂದುಕೊಂಡು ಅವಳು ಹಾಸಿಗೆಯ ಅಂಚಿಗೆ ಬಂದಳು, ಬಂದೆ ಅಕ್ಕ ಅಂದಳು, ಅಕ್ಕನ ಕಣ್ಣು ಅವಳ ಭುಜ ದಾಟಿ ಕೆಳಗೆ, ಸೊಂಟದ ಎತ್ತರಕ್ಕೆ, ನೆನೆದ ಫ್ರಾಕಿನವಳ ಎತ್ತರಕ್ಕೆ, ನೀನಲ್ಲ, ಅಂದಳು ಅಕ್ಕ, ಸ್ಪಷ್ಟವಾಗಿ, ನೀನಲ್ಲ ಕಣೇ, ಆಮೇಲೆ ಉಸಿರಿಲ್ಲ, ಅವಳು ನಿಂತೇ ಇದ್ದಳು, ಕೂರಲಿಲ್ಲ, ತಿರುಗಲಿಲ್ಲ, ಆಂಬುಲೆನ್ಸಿನವರು ಬರುವವರೆಗೂ ಆ ಜಾಗ ಹಾಗೇ ಇತ್ತು, ಅಕ್ಕನ ಮೈಗೂ ಹಾಸಿಗೆಯ ಅಂಚಿಗೂ ನಡುವೆ, ಒಂದೂವರೆ ಗೇಣು, ದೊಡ್ಡವರಿಗೆ ಸಾಲದ ಜಾಗ, ಆ ಜಾಗ, ಒಂದೂವರೆ ಗೇಣು, ಬಿಸಿಲು ಬಿದ್ದಿದ್ದ ಆ ಜಾಗ —