ಬದಲಿ ಕೈ

ಅಂದು ಬೆಳಿಗ್ಗೆ ಮೋಡ ಬಿಗಿದುಕೊಂಡಿತ್ತು. ಸುರಿಯಲೂ ಒಲ್ಲದ, ಬಿಸಿಲನ್ನೂ ಬಿಡದ ಹಟಮಾರಿ ಮೋಡ. ಮನೆಗೊಂದು ಕಾಯಿಲೆಯ ಜೀವವಿರುವ ನಮ್ಮ ಓಣಿಯವರಿಗೆ ದೇವರು ಕೊಡುವ ದಿನಗಳಲ್ಲಿ ಎರಡೇ ಜಾತಿ: ಹಾಸಿಗೆಬಟ್ಟೆ ಒಣಗುವ ದಿನ, ಒಣಗದ ದಿನ. ಹಿಂದಿನ ದಿನ ಒಗೆದದ್ದೆಲ್ಲ ಹಗ್ಗದ ಮೇಲೆ ಹಸಿಯಾಗಿಯೇ ಜೋತುಬಿದ್ದಿತ್ತು. ಅದರ ಕೆಳಗೆ ತಲೆ ಬಗ್ಗಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಊರಿನ ಸೇವಾ ಸಂಘದ ಜವಾನ ಬಂದ.

"ಎಲ್ರೂ ಹತ್ತು ಗಂಟೆಗೆ ಭವನಕ್ಕೆ ಬರ್ಬೇಕಂತೆ. ರೋಗಿಗಳನ್ನ ನೋಡ್ಕೊಳ್ಳೋರಿಗೆ ಸನ್ಮಾನ ಇದೆ. ಸಾಹೇಬ್ರು ಬರ್ತಾರೆ. ಸ್ನಾನ ಗೀನ ಮಾಡ್ಕೊಂಡು ಬನ್ನಿ, ಈ ವಾಸ್ನೆ ಹೊತ್ಕೊಂಡು ಬರ್ಬೇಡಿ."

ಹೊಲಿಗೆಯವಳ ಮನೆಯೊಳಗಿಂದ ದನಿ ಬಂತು. "ಯಾವನೋ ಅವನು ವಾಸ್ನೆ ಅಂದೋನು? ನಿಮ್ಮಪ್ಪ ಏನು ಅತ್ತರು ಹೇಲ್ತಿದ್ನೇನೋ?"

ಹೊಲಿಗೆಯವಳ ಅತ್ತೆ. ದೇವರು ಮುದುಕಿಯ ಒಂದು ಕೈ, ಒಂದು ಕಾಲು ವಾಪಸು ತೆಗೆದುಕೊಂಡಿದ್ದ. ನಾಲಿಗೆಗೆ ಕೈ ಹಾಕಲು ಅವನಿಗೂ ಧೈರ್ಯ ಬಂದಿರಲಿಲ್ಲ.

ಮುದುಕಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನು ತೀರಿಕೊಂಡ, ಹೊಲಿಗೆಯವಳು ಅವನ ಹೆಂಡತಿ. ದೊಡ್ಡವನು ಅದೇ ಸಂಘದ ಅಧ್ಯಕ್ಷ. ಆಳಿನಷ್ಟು ಭಾರದ ಅತ್ತೆಯನ್ನು ಎತ್ತಿ, ಇಳಿಸಿ, ಹೊರಳಿಸಿ ಹೊಲಿಗೆಯವಳ ಗರ್ಭಕೋಶ ಜಾರಿತ್ತು. ಆಪರೇಷನ್ ಆಗಲೇಬೇಕು, ಆದಮೇಲೆ ಒಂದು ಕೊಡ ನೀರನ್ನೂ ಎತ್ತಕೂಡದು ಎಂದಿದ್ದರು ಡಾಕ್ಟರಮ್ಮ. ಒಮ್ಮೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತ್ತು. ಅತ್ತೆಯನ್ನು ಬಿಟ್ಟುಹೋಗಲು ದಿಕ್ಕಿಲ್ಲದೆ ಇವಳು ಹೋಗಲಿಲ್ಲ. ಈಗ ಎರಡನೆಯ ಸಲ ಸಿಕ್ಕಿತ್ತು, ಅದೂ ಇವತ್ತೇ. ಸಂಜೆಯೊಳಗೆ ಸೇರದಿದ್ದರೆ ಬೇರೆಯವರಿಗೆ.

ಹೋದ ವಾರ ಅವಳ ಜೊತೆಗೆ ನಾನೂ ಅವಳ ಭಾವ ಅಧ್ಯಕ್ಷರ ಮನೆಗೆ ಹೋಗಿದ್ದೆ. ಅವರು ನಮ್ಮನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ ಮಾತಾಡಿದರು.

"ಭಾವ, ನಾನು ಚೇತರಿಸ್ಕೊಳ್ಳೋವರೆಗೆ ಅತ್ತೆ ಇಲ್ಲಿರ್ಲಿ."

"ಅಯ್ಯೋ ತಾಯಿ, ಅಮ್ಮಂಗೆ ನಿನ್ ಕೈನೇ ಆಗ್ಬೇಕು. ಇಲ್ಲಿ ಒಗ್ಗಲ್ಲ. ಮಲಗೋ ಕೋಣೆಗಳೆಲ್ಲ ಮಹಡಿ ಮೇಲೆ ಬೇರೆ."

"ಕೆಳಗೊಂದು ಕೋಣೆ ಇದ್ಯಲ್ಲ?"

"ಅದ್ರಲ್ಲಿ ನಾಯಿ ಇದೆ."

ಹೊಲಿಗೆಯವಳು ಮೆಟ್ಟಿಲಿಳಿದಳು. ಬರುವಾಗ ದಾರಿಯಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು, "ಅಕ್ಕ, ಮುಂದಿನ ಜನ್ಮಕ್ಕೆ ಆ ಮನೆ ನಾಯಿ ಆಗೋಕೆ ಏನು ವ್ರತ ಮಾಡ್ಬೇಕೋ" ಎಂದಳು.

ಸರ್ಕಾರದ ಸವಲತ್ತು ಕೊಡುವ ಸಾಹೇಬರ ಕಚೇರಿಗೆ ಇಡೀ ಓಣಿಯೇ ಹೋಗಿತ್ತು. ಓಣಿಗೆಲ್ಲ ಸೇರಿ ಒಂದು ಬದಲಿ ಕೈ ಕೊಡಿ, ಹಗಲು ಹೊತ್ತು ಬಂದು ಎತ್ತಿ ಇಳಿಸಲು ಒಬ್ಬರು ಸಾಕು ಎಂದು ಕೇಳಿದೆವು. ಸಾಹೇಬರು ಪೆನ್ನು ಕೆಳಗಿಟ್ಟು ನಮ್ಮನ್ನು ನೋಡಿದರು.

"ಸ್ವಂತ ಗಂಡ, ಸ್ವಂತ ಅತ್ತೇನ ನೋಡ್ಕೊಳ್ಳೋಕೆ ಬದಲಿ ಜನ ಬೇಕಾ? ಇದೇನು ಡ್ಯೂಟೀನಾ, ರಜೆ ಕೊಡೋಕೆ?"

"ಡ್ಯೂಟಿ ಆಗಿದ್ರೆ ಭಾನುವಾರ ಇರ್ತಿತ್ತಲ್ಲ ಸ್ವಾಮಿ" ಎಂದ ಗಾರೆ ಮೇಸ್ತ್ರಿ. ಅವನ ಬೆಳೆದ ಮಗ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಕಲ್ಲಾಗಿದ್ದಾನೆ.

"ಅಧಿಕಪ್ರಸಂಗ ಬೇಡ. ಇದು ಸೇವೆ. ಇದಕ್ಕೆಲ್ಲ ಮೇಲಿರೋನು ಫಲ ಕೊಡ್ತಾನೆ" ಎಂದು ಸಾಹೇಬರು ಫ್ಯಾನಿನ ಕಡೆಗೆ ಬೆರಳು ತೋರಿಸಿದರು. ಆ ಫಲವೇ ಈಗ ಸನ್ಮಾನವಾಗಿ ಬಂದಿತ್ತು.

ನಮ್ಮಲ್ಲೊಂದು ರೂಢಿ ಇದೆ. ಪ್ರತಿ ಬಾಗಿಲ ಚೌಕಟ್ಟಿಗೂ ಎಡಕ್ಕೊಂದು, ಬಲಕ್ಕೊಂದು ಮೊಳೆ. ಮನೆಯವರು ಹೊರಗೆ ಹೋಗುವಾಗ ಒಂದು ಚಿಂದಿ ತೂಗುಹಾಕುತ್ತಾರೆ. ಎಡಕ್ಕಿದ್ದರೆ ಒಳಗಿನ ಜೀವ ಎಡಮಗ್ಗುಲಲ್ಲಿದೆ ಎಂದರ್ಥ. ಅತ್ತ ಹಾದುಹೋಗುವವರು ಒಳಗೆ ಹೋಗಿ ಬಲಕ್ಕೆ ಹೊರಳಿಸಿ, ಚಿಂದಿಯನ್ನು ಬಲಕ್ಕೆ ತಗುಲಿಸಿ ಮುಂದೆ ನಡೆಯಬೇಕು. ಕೇಳುವುದಿಲ್ಲ, ಹೇಳುವುದಿಲ್ಲ. ನಮ್ಮ ಓಣಿಯಲ್ಲಿ ಬೆನ್ನು ಹುಣ್ಣಾಗಿ ಸತ್ತವರಿಲ್ಲ. ದೇವರ ಕಣ್ಣು ಎಲ್ಲೆಲ್ಲೋ ಇರಬಹುದು. ಇಲ್ಲಿ ಮಾತ್ರ ಅವನು ಚಿಂದಿಯಲ್ಲೇ ಇದ್ದಾನೆಂದು ನಾನು ಕೈಮುಗಿಯುತ್ತೇನೆ.

ಜವಾನ ಹೋದಮೇಲೆ ಮೇಸ್ತ್ರಿ ಕೇಳಿದ. "ಎಲ್ರನ್ನೂ ಒಂದೇ ಹೊತ್ಗೆ ಕರ್ದವ್ರೆ. ಎಲ್ರೂ ಹೋದ್ರೆ ಹೊರಳ್ಸೋರು ಯಾರು? ಸಂಘದ ಬೆಕ್ಕಾ?"

ಹೊಲಿಗೆಯವಳು ಮೆಲ್ಲನೆ ಅಂದಳು. "ಅವ್ರನ್ನೂ ಕರ್ಕೊಂಡು ಹೋಗೋಣ."

ಹೋದೆವು. ಮೇಸ್ತ್ರಿ ಮಗನನ್ನು ಸಿಮೆಂಟಿನ ತಳ್ಳುಗಾಡಿಯಲ್ಲಿ ಮಲಗಿಸಿದ. ಮುದುಕಿಯನ್ನು ಮರದ ಕುರ್ಚಿಗೆ ಸೆರಗಿನಿಂದ ಕಟ್ಟಿ ಇಬ್ಬರು ಹೊತ್ತರು. ನನ್ನ ಗಂಡ ನಡೆಯಬಲ್ಲ, ಆದರೆ ನಾನು ಯಾರೆಂಬುದು ಅವನಿಗೆ ಮರೆತಿದೆ. ಮನೆಗೆಲಸದವಳು ಎಂದುಕೊಂಡಿದ್ದಾನೆ. ನೆನಪಿದ್ದ ಕಾಲಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವೇನಿಲ್ಲ.

"ನನ್ನನ್ನ ಮುಂದಿನ ಸಾಲಲ್ಲೇ ಕೂರ್ಸೇ ಹುಡುಗಿ. ನನ್ನ ಮಗ ಭಾಷಣ ಮಾಡೋದು ನೋಡ್ಬೇಕು" ಎಂದಳು ಮುದುಕಿ.

ಭವನದ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ. "ಇವ್ರನ್ನ ಯಾಕ್ರೀ ತಂದ್ರಿ? ಕರೆದಿದ್ದು ನಿಮ್ಮನ್ನ."

"ಎತ್ತನ್ನ ಕರೆದ್ರೆ ನೊಗ ಮನೇಲಿರುತ್ತಾ?" ಎಂದ ಮೇಸ್ತ್ರಿ, ಗಾಡಿ ನಿಲ್ಲಿಸದೆ.

ಮುಂದಿನ ಸಾಲಿನಲ್ಲಿ ಗಣ್ಯರಿಗೆಂದು ಬಿಳಿ ಹೊದಿಕೆಯ ಸೋಫಾಗಳಿದ್ದವು. ಗಣ್ಯರು ಇನ್ನೂ ಬಂದಿರಲಿಲ್ಲ. ನಮ್ಮವರನ್ನು ಅವುಗಳ ಮೇಲೆ ಮಲಗಿಸಿದೆವು. ಸಾಹೇಬರು ಬಂದಾಗ ಹನ್ನೆರಡು ದಾಟಿತ್ತು. ಅಷ್ಟರಲ್ಲಿ ಸಾಲು ಪೂರ್ತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ ಆಗಿತ್ತು. ಸಾಹೇಬರಿಗೆ ಪ್ಲಾಸ್ಟಿಕ್ ಕುರ್ಚಿ ತಂದು ವೇದಿಕೆಯ ಅಂಚಿಗೆ ಹಾಕಿದರು. ಅವರು ಕರವಸ್ತ್ರ ತೆಗೆದವರು ಮತ್ತೆ ಜೇಬಿಗೆ ಇಡಲಿಲ್ಲ.

ಅಧ್ಯಕ್ಷರು ಮೈಕು ಹಿಡಿದರು. "ಈ ತಾಯಂದಿರು ಮನುಷ್ಯರಲ್ಲ, ದೇವತೆಗಳು. ದೇವತೆಗಳಿಗೆ ದಣಿವಿಲ್ಲ. ಅವರಿಗೆ ನಮ್ಮಿಂದ ಏನೂ ಬೇಕಿಲ್ಲ. ಯಾಕಂದರೆ ಹೆತ್ತ ತಾಯಿಯೇ ದೇವರು..."

"ಹೌದೇನೋ ದೊಡ್ಡೋನೇ?" ಮುಂದಿನ ಸಾಲಿನಿಂದ ದನಿ ಎದ್ದಿತು. "ಹಂಗಾದ್ರೆ ದೇವ್ರಿಗೆ ಉಚ್ಚೆ ಬಂದೈತೆ. ಇಳ್ದು ಬಾ."

ಮೊದಲು ಮೇಸ್ತ್ರಿಯ ಮಗ ನಕ್ಕ. ಅವನ ಮೈಯಲ್ಲಿ ಆಡುವುದು ಮುಖವೊಂದೇ. ಆ ಮುಖವೆಲ್ಲ ನಗೆಯಾಯಿತು. ಆಮೇಲೆ ಭವನ ನಕ್ಕಿತು. ಸಾಹೇಬರಿಗೆ ತುರ್ತಾಗಿ ಬೇರೊಂದು ಸಭೆ ನೆನಪಾಗಿ ಪಕ್ಕದ ಬಾಗಿಲಿನಿಂದ ಹೋದರು.

ಹೊಲಿಗೆಯವಳು ನಗಲಿಲ್ಲ. ಪಾತ್ರೆ ಹಿಡಿದು, ಸೀರೆ ಮರೆ ಮಾಡಿ, ಅತ್ತೆಯ ಕೆಲಸ ಮುಗಿಸಿದಳು, ಒರೆಸಿದಳು. ಮೇಸ್ತ್ರಿಗೆ ಕಣ್ಣಲ್ಲೇ ಹೇಳಿದಳು. ನಾವು ಮುದುಕಿಯನ್ನು ಮತ್ತೆ ಕುರ್ಚಿಗೆ ಕೂರಿಸಿ, ಕುರ್ಚಿ ಸಮೇತ ಎತ್ತಿ ವೇದಿಕೆಯ ಮೇಲೆ, ಅಧ್ಯಕ್ಷರ ಪಕ್ಕದಲ್ಲಿ ಇಟ್ಟೆವು.

"ಮನೆಗೆ ಕರ್ಕೊಂಡು ಹೋಗಮ್ಮ" ಎಂದರು ಅವರು, ಹಲ್ಲು ಕಚ್ಚಿ. ಮೈಕು ಆರಿಸುವುದನ್ನು ಮರೆತಿದ್ದರು. "ಆಮೇಲೆ ಮಾತಾಡೋಣ. ಎಲ್ರ ಮುಂದೆ ಮಾನ ಕಳೀಬೇಡ."

"ಆಮೇಲೆ ಅನ್ನೋದಿಲ್ಲ ಭಾವ. ಸಂಜೆಯೊಳಗೆ ನಾನು ಆಸ್ಪತ್ರೆ ಸೇರ್ಬೇಕು."

"ನಂಗೆ ಇದೆಲ್ಲ ಬರಲ್ಲಮ್ಮ! ನಂಗೆ ಅಭ್ಯಾಸ ಇಲ್ಲ!"

"ನಿನ್ನ ತೊಳೀವಾಗ ನಂಗೇನು ಅಭ್ಯಾಸ ಇತ್ತೇನೋ ಮುಂಡೇದೆ?" ಎಂದಳು ಮುದುಕಿ. ಸೊಸೆಯತ್ತ ತಿರುಗಿದಾಗ ಅವಳ ದನಿ ತಗ್ಗಿತು. "ಹೋಗೇ, ಹೋಗು. ಇವನಿಗೆ ನಾನು ಕಲಿಸ್ತೀನಿ. ಪಕ್ಕದಲ್ಲಿ ಓಣಿಯೋರು ನಿಂತಿರ್ತಾರೆ. ತೋರಿಸ್ತಾರೆ, ಮಾಡಲ್ಲ."

ಮುದುಕಿಯ ಆಡುವ ಕೈ ಸೊಸೆಯ ಹೆಗಲನ್ನು ಹಿಡಿದಿತ್ತು, ಎಷ್ಟೋ ವರ್ಷಗಳಿಂದ ಹಿಡಿದಂತೆ. ಹೊಲಿಗೆಯವಳು ಒಂದೊಂದೇ ಬೆರಳು ಬಿಡಿಸಿದಳು. ಆ ಕೈಯನ್ನು ತನ್ನ ಸೆರಗಿನಿಂದ ಒರೆಸಿ, ಅಧ್ಯಕ್ಷರ ಕೈಯಿಂದ ಮೈಕನ್ನು ತೆಗೆದು ಪಕ್ಕಕ್ಕಿಟ್ಟು, ಖಾಲಿಯಾದ ಆ ಅಂಗೈಯಲ್ಲಿ ಅತ್ತೆಯ ಕೈಯನ್ನು ಸದ್ದಿಲ್ಲದೆ ಇಟ್ಟಳು.